ಮುನ್ನೂರು ವರ್ಷದ ಮೇಲೆ ಯಾರ ಹಾಡು?

(ತುಬಚಿಯ ಪಕ್ಷ-ಕಾರ್ಯಕರ್ತರೊಬ್ಬರಿಂದ)

ಇಂದು ಕೇಳುತ್ತಿರುವ ಹಾಡುಗಳಲ್ಲಿ ಯಾವುದು ಮುನ್ನೂರು, ನಾನೂರು ವರ್ಷಗಳ ಮೇಲೆಯೂ ಜನರ ಕಿವಿಗೆ ಬಿದ್ದೀತು? ಇದು ಹೊಟ್ಟೆ ತುಂಬಿದ ಪಂಡಿತರ ಹರಟೆಯೆಂದು ನಮ್ಮ ಗಿರಣಿಯ ಸಂಗಾತಿಗಳೂ ಅಂಗಡಿಕಾರ ಬಂಧುಗಳೂ ಪಕ್ಕಕ್ಕೆ ಸರಿಸಬಾರದು. ಜಾತ್ರೆ ಬಂತೆಂದರೆ ಪಟ್ಟಿ ಎತ್ತುವುದು ನಿಮ್ಮ ಕಿಸೆಯಿಂದ. ಆ ಹಣ ಯಾರ ಕೈ ಸೇರಬೇಕು, ಯಾವ ಹಾಡಿಗೆ ಅನ್ನ ಹಾಕಬೇಕು, ಯಾವುದನ್ನು ಉಪವಾಸ ಕೆಡವಬೇಕು ಎಂಬ ನಿರ್ಣಯ ವರ್ಷಕ್ಕೊಮ್ಮೆ ನಿಮ್ಮ ಊರ ಕಟ್ಟೆಯ ಮೇಲೆಯೇ ಆಗುತ್ತದೆ. ಮುನ್ನೂರು ವರ್ಷದ ಮಾತು ಹೀಗೆ ಈ ವರ್ಷದ ಮಾತೇ ಆಗಿದೆ.

ಈ ಪ್ರಶ್ನೆಗೆ ಸಿದ್ಧ ಉತ್ತರ ಇಟ್ಟುಕೊಂಡವರು ಎರಡು ಬಗೆ. ಮೊದಲನೆಯವರು ಪೇಟೆಯವರು. "ಕೋಟಿ ಜನ ಮೊಬೈಲಿನಲ್ಲಿ ಕೇಳಿದರಲ್ಲ, ಇನ್ನೇನು ಬೇಕು? ಹೆಚ್ಚು ಮಾರಿದ್ದೇ ಹೆಚ್ಚು ಬಾಳುವುದು" ಎಂಬುದು ಇವರ ವಾದ. ಎರಡನೆಯವರು ದೊಡ್ಡ ಮನೆಯ ರಸಿಕರು. "ಶುದ್ಧವಾದ ಶಾಸ್ತ್ರೀಯ ಸಂಗೀತವೊಂದೇ ಉಳಿಯುವುದು, ಮಿಕ್ಕದ್ದು ಗದ್ದಲ" ಎಂದು ಇವರು ಮೂಗು ಮುರಿಯುತ್ತಾರೆ. ಇಬ್ಬರೂ ತಪ್ಪಿದ್ದಾರೆ, ಇಬ್ಬರ ತಪ್ಪಿಗೂ ಬೇರು ಒಂದೇ. ದುಡಿಯುವವನ ಕೊರಳನ್ನು ಇಬ್ಬರೂ ಲೆಕ್ಕಕ್ಕೆ ಹಿಡಿದಿಲ್ಲ.

ಕೋಟಿಯ ಲೆಕ್ಕ

ಮೊದಲನೆಯವರ ಮಾತನ್ನು ಅವರದೇ ತಕ್ಕಡಿಯಲ್ಲಿ ತೂಗೋಣ. ಹಬ್ಬದ ವಾರದಲ್ಲಿ ಹೆಚ್ಚು ಖರ್ಚಾದ ಸೀರೆಯೇ ಹೆಚ್ಚು ಬಾಳುವ ಸೀರೆಯೆಂದು ಬನಹಟ್ಟಿಯ ಯಾವ ಬಟ್ಟೆ ವ್ಯಾಪಾರಿಯಾದರೂ ಹೇಳಿಯಾನೆ? ಬಣ್ಣದ ನಿಜ ಗೊತ್ತಾಗುವುದು ಒಗೆಯುವ ಕಲ್ಲಿನ ಮೇಲೆ.

ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನಾ' 1934ರ ಮಾರ್ಚ್ 3ರಂದು ತೆರೆ ಕಂಡಿತು. ಅದನ್ನು ತೆಗೆದದ್ದು ನಮ್ಮ ನೆರೆಯ ಕೊಲ್ಲಾಪುರದಲ್ಲಿ. ಇಂದು ಆ ಚಿತ್ರದ ಒಂದು ಪ್ರತಿಯೂ ಎಲ್ಲಿಯೂ ಸಿಕ್ಕುವುದಿಲ್ಲ. ಚಿತ್ರದೊಡನೆ ಅದರ ಹಾಡುಗಳೂ ಹೋದವು. ನೂರು ವರ್ಷ ತುಂಬುವ ಮುನ್ನವೇ ಈ ಗತಿ!

ಇನ್ನೊಂದು ಉದಾಹರಣೆ ನಮ್ಮ ಮಗ್ಗುಲಿನದು. ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿಯವರು ಮುಂಬಯಿಗೆ ಹೋಗಿ ಇಡೀ ದೇಶವನ್ನು ಕೊರಳಿನಿಂದ ಗೆದ್ದರು. ಅವರು ಹಾಡಿದ 'ಕಿಸ್ಮತ್' ಚಿತ್ರ 1943ರಲ್ಲಿ ಬಂದು ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಓಡಿತು. ಪರಕೀಯರನ್ನು ತೊಲಗಲು ಹೇಳಿದ ಅದರ ಒಂದು ಹಾಡಿನಿಂದ, ಬರೆದ ಕವಿ ಪ್ರದೀಪರು ಬಂಧನ ತಪ್ಪಿಸಿಕೊಳ್ಳಲು ತಲೆಮರೆಸಿಕೊಳ್ಳಬೇಕಾಯಿತು. ಅಮೀರಬಾಯಿಯವರು 1965ರಲ್ಲಿ ತೀರಿಕೊಂಡರು. ಇಂದು ಬೀಳಗಿಯ ಬಸ್ ನಿಲ್ದಾಣದಲ್ಲಿ ನಿಂತು ಹತ್ತು ಜನ ತರುಣರನ್ನು ಕೇಳಿರಿ. ಆಕೆಯ ಒಂದು ಹಾಡನ್ನು ಗುನುಗಬಲ್ಲವರು ಎಷ್ಟು ಜನ ಸಿಕ್ಕಾರು? ದೋಷ ಆ ಕೊರಳಿನದಲ್ಲ. ಕಂಪನಿಗೆ ಬೇಕಾದದ್ದು ಪ್ಲೇಟಿನ ಮಾರಾಟ. ಮಾರಾಟ ಇಳಿದೊಡನೆ ಹಾಡೂ ಹಳೆಯ ಸರಕಾಯಿತು.

"ಅದು ಪ್ಲೇಟಿನ ಕಾಲ, ಈಗ ಎಲ್ಲವೂ ಯಂತ್ರದ ಭಂಡಾರದಲ್ಲಿ ಭದ್ರವಾಗಿದೆ" ಎನ್ನುವಿರಾ? ಅಮೇರಿಕೆಯ ಮೈಸ್ಪೇಸ್ ಎಂಬ ಕಂಪನಿಯ ಭಂಡಾರದಲ್ಲಿ ಜನರು ನಂಬಿ ಇಟ್ಟಿದ್ದ ಹಾಡುಗಳು ಸುಮಾರು ಐದು ಕೋಟಿ. 2003ರಿಂದ 2015ರವರೆಗೆ ಕೂಡಿದ ಆ ರಾಶಿ ಯಂತ್ರ ಬದಲಿಸುವಾಗ ಅಳಿಸಿಹೋಯಿತೆಂದು 2019ರಲ್ಲಿ ಜಗತ್ತಿಗೆ ತಿಳಿಯಿತು. ಮರಳಿ ಸಿಕ್ಕದ್ದು ಚೂರುಪಾರು. ಸಾವಕಾರನ ಉಗ್ರಾಣದಲ್ಲಿ ಇಟ್ಟ ಕಾಳು ನಮ್ಮದೆಂದು ನಂಬಿ ಕೂತ ರೈತನ ಗತಿಯೇ ಇದು. ಬೀಗದ ಕೈ ಯಾರಲ್ಲಿದೆಯೋ ಕಾಳು ಅವನದು.

ಯಂತ್ರ ಉಳಿಸಿಕೊಟ್ಟರೂ ಪ್ರಶ್ನೆ ತೀರುವುದಿಲ್ಲ. 1977ರಲ್ಲಿ ಅಮೇರಿಕೆಯವರು ವಾಯೇಜರ್ ಎಂಬ ನೌಕೆಗಳನ್ನು ಆಕಾಶಕ್ಕೆ ಹಾರಿಸಿದರು. ಅವುಗಳಲ್ಲಿ ಚಿನ್ನದ ಲೇಪದ ತಾಮ್ರದ ಪ್ಲೇಟು, ಅದರೊಳಗೆ ಕೇಸರಬಾಯಿ ಕೇರಕರ ಅವರು ಹಾಡಿದ ಭೈರವಿ. ಆ ಪ್ಲೇಟು ನೂರು ಕೋಟಿ ವರ್ಷ ಕೆಡುವುದಿಲ್ಲವೆಂದು ಬಲ್ಲವರ ಅಂದಾಜು. ಒಳ್ಳೆಯದು. ಆದರೆ ಆ ಕತ್ತಲಲ್ಲಿ ಅದನ್ನು ಕೇಳುವ ಕಿವಿ ಯಾವುದು? ಜೋಪಾನವಾಗಿರುವುದು ಬೇರೆ, ಬದುಕಿರುವುದು ಬೇರೆ.

ಬಾದಾಮಿಯ ಬಂಡೆಯೂ ಬೀಸುವ ಕಲ್ಲೂ

ಹಾಗಾದರೆ ನಮ್ಮ ನಾಡಿನಲ್ಲಿ ನಿಜವಾಗಿ ಶತಮಾನಗಳನ್ನು ದಾಟಿ ಬಂದ ಹಾಡು ಯಾವುದು? ಉತ್ತರ ದೂರದಲ್ಲಿಲ್ಲ, ನಮ್ಮದೇ ಜಿಲ್ಲೆಯಲ್ಲಿದೆ. ಬಾದಾಮಿಯ ಕೆರೆಯ ಮೇಲಿನ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನ ಉಂಟು, ಸುಮಾರು ಕ್ರಿ.ಶ. 700ರದು. ಅದರಲ್ಲಿ ಕನ್ನಡದ ತ್ರಿಪದಿಗಳನ್ನು ಕೊರೆದಿದ್ದಾರೆ. ನಾಲ್ಕು ನೂರು ವರ್ಷಗಳ ನಂತರ, 1126ರಿಂದ 1138ರವರೆಗೆ ಆಳಿದ ಚಾಲುಕ್ಯ ಸೋಮೇಶ್ವರ 'ಮಾನಸೋಲ್ಲಾಸ' ಎಂಬ ಗ್ರಂಥ ಬರೆದಾಗ, ಕಾಳು ಕುಟ್ಟುವಾಗ ತ್ರಿಪದಿ ಹಾಡುವುದು ರೂಢಿಯೆಂದು ಅದರಲ್ಲಿ ಗುರುತಿಸಿದ. ಮುಂದೆ ಸರ್ವಜ್ಞ ಜನರ ಬಾಯಿಗೆ ಕೊಟ್ಟದ್ದೂ ತ್ರಿಪದಿಯೇ. ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಅಚ್ಚು ಹಾಕಿಸಿದರಲ್ಲ, ಅದರಲ್ಲಿ ತುಂಬಿರುವುದೂ ಅದೇ ತ್ರಿಪದಿ.

ಸಂಗಾತಿಗಳೇ, ಲೆಕ್ಕ ಹಾಕಿರಿ. ಬಂಡೆಯಿಂದ ಪುಸ್ತಕದವರೆಗೆ ಸಾವಿರದ ಇನ್ನೂರು ವರ್ಷಕ್ಕೂ ಮಿಕ್ಕಿತು. ಚಾಲುಕ್ಯರು ಹೋದರು, ಯಾದವರು ಹೋದರು, ಆದಿಲಶಾಹಿ ಹೋಯಿತು, ಪೇಶವೆ ಹೋದ, ಇಂಗ್ರೇಜಿಯವನೂ ಹೋದ. ಮೂರು ಸಾಲಿನ ಆ ಪದ ಹೋಗಲಿಲ್ಲ. ಅದನ್ನು ಕಾಯ್ದವರು ಯಾರು? ಯಾವ ಅರಮನೆಯೂ ಅಲ್ಲ, ಯಾವ ಕಂಪನಿಯೂ ಅಲ್ಲ. ಬೆಳಗಿನ ನಾಲ್ಕು ಗಂಟೆಗೆ ಎದ್ದು ಜೋಳ ಬೀಸಿದ ಹೆಣ್ಣುಮಗಳು. ಆಕೆಗೆ ಯಾರೂ ಸಂಬಳ ಕೊಡಲಿಲ್ಲ, ಆಕೆಯ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ.

ಮಗ್ಗದವರಿಗೆ ಇದರ ಗುಟ್ಟು ಒಂದೇ ಮಾತಿನಲ್ಲಿ ತಿಳಿಯುವುದು. ಆ ಪದದ ಹಾಸು ಹಳೆಯದು, ಹೊಕ್ಕು ದಿನವೂ ಹೊಸದು. ತವರಿನ ನೆನಪು, ಅತ್ತೆಯ ಕಾಟ, ಬರಗಾಲ, ಕೂಸಿನ ನಗೆ, ಯಾವ ನೂಲು ಕೈಗೆ ಸಿಕ್ಕಿತೋ ಅದನ್ನು ಆಕೆ ಆ ಹಾಸಿನಲ್ಲಿ ನೇಯ್ದಳು. ಯಾರ ಅಪ್ಪಣೆಯನ್ನೂ ಕೇಳಬೇಕಿರಲಿಲ್ಲ. ಎಲ್ಲರೂ ನೇಯಬಹುದಾದ ಹಾಸು ಯಾವ ಹಾಡಿಗೆ ಇದೆಯೋ ಆ ಹಾಡು ಬಾಳುತ್ತದೆ. ನೇಯ್ದು ಮಡಿಸಿ ಗಾಜಿನ ಪೆಟ್ಟಿಗೆಯಲ್ಲಿಟ್ಟ ಬಟ್ಟೆ ಎಷ್ಟೇ ಚೆಂದವಿದ್ದರೂ ಒಂದು ದಿನ ನುಸಿಗೆ ಆಹಾರ.

ಹಲಗಲಿಯ ಸಾಕ್ಷಿ

"ಅದು ಹಳೆಯ ಕಾಲದ ಮಾತಾಯಿತು" ಎನ್ನುವವರಿಗೆ ಮುಧೋಳದ ಹತ್ತಿರದ ಹಲಗಲಿಯನ್ನು ತೋರಿಸುತ್ತೇವೆ. 1857ರಲ್ಲಿ ಸರಕಾರ ಜನರ ಆಯುಧ ಕಸಿಯುವ ಕಾಯದೆ ತಂದಿತು. ಹಲಗಲಿಯ ಬೇಡರು ಕೊಡೆವೆಂದರು. ಇಂಗ್ರೇಜಿ ದಂಡು ಬಂದು ಊರಿಗೆ ಬೆಂಕಿ ಹಚ್ಚಿತು, ಸಿಕ್ಕವರನ್ನು ಗಲ್ಲಿಗೇರಿಸಿತು. ಸರಕಾರದ ಲೆಕ್ಕದಲ್ಲಿ ವಿಷಯ ಅಲ್ಲಿಗೆ ಮುಗಿಯಿತು. ಲಾವಣಿಕಾರನ ಲೆಕ್ಕದಲ್ಲಿ ಮುಗಿಯಲಿಲ್ಲ. ಅವನು ಡಪ್ಪು ಹಿಡಿದು ಊರೂರಿಗೆ ಹೋಗಿ ಅದನ್ನು ಹಾಡಿದ. 1880ರ ದಶಕದಲ್ಲಿ ಫ್ಲೀಟ್ ಎಂಬ ಅಧಿಕಾರಿ, ಅದೇ ಇಂಗ್ರೇಜಿ ಸರಕಾರದ ನೌಕರ, ಆ ಲಾವಣಿಯನ್ನು ಬರೆದುಕೊಂಡು ಅಚ್ಚು ಹಾಕಿಸಿದ. ಇಂದು ನಮ್ಮ ಮಕ್ಕಳು ಶಾಲೆಯ ಪಠ್ಯದಲ್ಲಿ ಅದನ್ನು ಓದುತ್ತಾರೆ. ಗಲ್ಲಿಗೇರಿಸಿದ ಸಾಹೇಬರ ಹೆಸರು ಯಾರ ಬಾಯಲ್ಲಿದೆ? ಗಲ್ಲಿಗೇರಿದವರ ಹೆಸರು ಹಾಡಿನಲ್ಲಿದೆ.

ಸಣ್ಣ ವ್ಯಾಪಾರಿಗಳು ಇನ್ನೊಂದು ಮಾತನ್ನು ಗಮನಿಸಬೇಕು. ಅದೇ ಫ್ಲೀಟ್ ಸಂಗ್ರಹಿಸಿದ ಲಾವಣಿಗಳಲ್ಲಿ ಆದಾಯ ತೆರಿಗೆಯ ಮೇಲಿನದೂ ಒಂದುಂಟು. ದಂಗೆಯ ಖರ್ಚಿನಿಂದ ಬರಿದಾದ ಖಜಾನೆ ತುಂಬಿಕೊಳ್ಳಲು ಇಂಗ್ರೇಜಿಯವರು 1860ರಲ್ಲಿ ಈ ದೇಶಕ್ಕೆ ಆ ತೆರಿಗೆ ತಂದಾಗ ಪೇಟೆಯ ಸಂಕಟ ಹಾಡಾಯಿತು. ಅಂದರೆ ನಿಮ್ಮ ಗಲ್ಲೆಯ ಸಂಕಟಕ್ಕೂ ಒಂದು ಕಾಲದಲ್ಲಿ ಕೊರಳಿತ್ತು. ಇಂದಿನ ತೆರಿಗೆಯ ಮೇಲೆ, ನೂಲಿನ ದರದ ಮೇಲೆ, ವಿದ್ಯುತ್ತಿನ ಬಿಲ್ಲಿನ ಮೇಲೆ ಹಾಡು ಎಲ್ಲಿದೆ? ಸಂಕಟ ಕಡಿಮೆಯಾಗಿ ಹಾಡು ನಿಂತಿತೇ? ಹಾಡುವವನ ಹೊಟ್ಟೆಗೆ ಕಲ್ಲು ಬಿದ್ದು ನಿಂತಿತೇ?

ರಸಿಕರಿಗೊಂದು ಉತ್ತರ

ಇನ್ನು ದೊಡ್ಡ ಮನೆಯ ರಸಿಕರ ಸರದಿ. ಶಾಸ್ತ್ರೀಯ ಸಂಗೀತ ಬಾಳುವುದಿಲ್ಲವೆಂದು ನಾವು ಹೇಳುವುದಿಲ್ಲ. ಬಾಳೀತು. ಆದರೆ ಅವರು ಹೇಳುವ ಕಾರಣದಿಂದಲ್ಲ. ರಾಗವೂ ಒಂದು ಹಾಸೇ ಅಲ್ಲವೇ? ಭೈರವಿ ಒಂದೇ, ಹಾಡಿದವರು ಸಾವಿರ, ಒಬ್ಬರದಿದ್ದಂತೆ ಇನ್ನೊಬ್ಬರದಿಲ್ಲ. ತ್ರಿಪದಿಯನ್ನು ಉಳಿಸಿದ ಗುಣವೇ ರಾಗವನ್ನೂ ಉಳಿಸಿದೆ. ಅದಕ್ಕೆ ಬೇರೆ ದೈವಿಕ ಸನದು ಇಲ್ಲ.

ಶುದ್ಧತೆಯ ಮಾತು ಹೇಳುವವರು ಗವಾಯಿಗಳ ಚರಿತ್ರೆಯನ್ನೊಮ್ಮೆ ಓದಬೇಕು. ಮಲ್ಲಿಕಾರ್ಜುನ ಮನಸೂರರು (1910–1992) ಬಣ್ಣ ಹಚ್ಚಿಕೊಂಡು ನಾಟಕ ಕಂಪನಿಯ ರಂಗದ ಮೇಲೆ ಹಾಡಿ ಬೆಳೆದವರು. ಬಸವರಾಜ ರಾಜಗುರುಗಳೂ ಕಂಪನಿಯ ರಂಗ ಹತ್ತಿದವರೇ. ಗಂಗೂಬಾಯಿ ಹಾನಗಲ್ಲರು (1913–2009) ಯಾವ ಕುಲದಿಂದ ಬಂದರೆಂದು ಧಾರವಾಡದ ಬೀದಿಗಳಲ್ಲಿ ಹೀಯಾಳಿಸಿದ ಸಭ್ಯರ ಮೊಮ್ಮಕ್ಕಳೇ ಇಂದು ಆ ಹೆಸರು ಹೇಳಿ ಎದೆ ಉಬ್ಬಿಸುತ್ತಾರೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ, ಅವರ ನಂತರ 2010ರಲ್ಲಿ ತೀರಿಕೊಂಡ ಪುಟ್ಟರಾಜ ಗವಾಯಿಗಳೂ ಕುರುಡ ಮಕ್ಕಳಿಗೆ, ದಿಕ್ಕಿಲ್ಲದ ಮಕ್ಕಳಿಗೆ ಊಟ ಹಾಕಿ ಸಂಗೀತ ಕಲಿಸಿದರು. ಆ ಅನ್ನ ಬಂದದ್ದು ಜನರ ಕಾಣಿಕೆಯಿಂದ, ಆಶ್ರಮದ ನಾಟಕ ಕಂಪನಿಯ ಟಿಕೇಟಿನಿಂದ. 1948ರಲ್ಲಿ ಜಮಖಂಡಿಯಂಥ ಸಂಸ್ಥಾನಗಳು ವಿಲೀನವಾದ ಮೇಲೆ ರಾಜರ ಆಶ್ರಯ ಮುಗಿಯಿತು. 1950ರಲ್ಲಿ ಧಾರವಾಡದ ರೇಡಿಯೋ ಕೇಂದ್ರ ಬಂದು ಜನರ ತೆರಿಗೆಯ ಹಣದಿಂದ ಗವಾಯಿಗಳಿಗೆ ಕೆಲಸ ಕೊಟ್ಟಿತು. ಶಾಸ್ತ್ರೀಯ ಸಂಗೀತವನ್ನು ನಮ್ಮ ಕಾಲಕ್ಕೆ ದಾಟಿಸಿದ್ದು ಈ ಅನ್ನ.

ವಚನಗಳ ಮಾತೂ ಇಷ್ಟೇ. ನೇಕಾರ ಜೇಡರ ದಾಸಿಮಯ್ಯ, ಕೂಡಲಸಂಗಮದ ಬಸವಣ್ಣ ಯಾವ ಧಾಟಿಯಲ್ಲಿ ನುಡಿದರೋ ಬಲ್ಲವರಿಲ್ಲ. ಮಾತು ಓಲೆಗರಿಯಲ್ಲಿ ಉಳಿಯಿತು. ವಿಜಾಪುರದ ಫ.ಗು. ಹಳಕಟ್ಟಿಯವರು ತಮ್ಮ ಆಸ್ತಿ ಕರಗಿಸಿ ಅವನ್ನು ಹುಡುಕಿ, 1923ರಲ್ಲಿ 'ವಚನಶಾಸ್ತ್ರಸಾರ' ಪ್ರಕಟಿಸಿದರು. ಆಮೇಲೆ ಮನಸೂರರಂಥವರು ರಾಗ ಕೂಡಿಸಿ ಅವಕ್ಕೆ ಹೊಸ ಉಸಿರು ಕೊಟ್ಟರು. ಎಂಟು ನೂರು ವರ್ಷದ ಹಾಸಿಗೆ ಇಪ್ಪತ್ತನೆಯ ಶತಮಾನದ ಹೊಕ್ಕು.

ಹೊರಗಿನ ಜಗತ್ತಿನಲ್ಲಿಯೂ ಇದೇ ಕಥೆ. 1871ರಲ್ಲಿ ಪ್ಯಾರಿಸಿನ ಕಮ್ಯೂನ್ ರಕ್ತದಲ್ಲಿ ಮುಳುಗಿದಾಗ ಪೊತಿಯೆ ಎಂಬ ಕವಿ 'ಇಂಟರ್‌ನ್ಯಾಷನಲ್' ಪದ ಬರೆದ. 1888ರಲ್ಲಿ ಲಿಲ್ ಎಂಬ ಗಿರಣಿ ಊರಿನ ಕಾರ್ಮಿಕ ದೆಗೇತೆ ಅದಕ್ಕೆ ಧಾಟಿ ಹಾಕಿದ. ಧಾಟಿ ಯಾರದೆಂದು ಅಣ್ಣತಮ್ಮಂದಿರು ಕೋರ್ಟು ಹತ್ತಿದರು. 1922ರಲ್ಲಿ ತೀರ್ಪು ಬರುವ ಹೊತ್ತಿಗೆ ಹಾಡು ಕೋರ್ಟಿನ ಕೈ ಮೀರಿ ಹತ್ತಾರು ಭಾಷೆಗಳ ಕೂಲಿಕಾರರ ಬಾಯಿಗೆ ಹೋಗಿತ್ತು.

ಇಂದಿನ ಹಾಡಿಗೆ ಮೂರು ಪರೀಕ್ಷೆ

ಈಗ ಇಂದಿನ ಹಾಡುಗಳನ್ನು ಒರೆಗೆ ಹಚ್ಚೋಣ. ನಾವು ಮೂರೇ ಪ್ರಶ್ನೆ ಕೇಳುತ್ತೇವೆ. ಕರೆಂಟು ಹೋದಾಗ ಅದನ್ನು ಹಾಡಬಹುದೇ? ಅದರಲ್ಲಿ ನಮ್ಮ ಮಾತು ಕೂಡಿಸಬಹುದೇ? ತೊಟ್ಟಿಲು, ಮದುವೆ, ಸಾವು, ದುಡಿಮೆ, ಜಗಳ, ಬದುಕಿನ ಯಾವುದಾದರೂ ಒಂದು ಗಳಿಗೆಗೆ ಅದು ಬೇಕೇ?

ಶಿಶುನಾಳದ ಷರೀಫಸಾಹೇಬರ (1819–1889) ತತ್ವಪದ ಮೂರರಲ್ಲಿಯೂ ಗೆಲ್ಲುತ್ತದೆ. ಏಕತಾರಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಸಿ. ಅಶ್ವತ್ಥರು (1939–2009) ಅವಕ್ಕೆ ಕೂಡಿಸಿದ ಧಾಟಿಗಳು ಮುದ್ರಿಕೆಯಿಂದ ಇಳಿದು ಭಜನಾ ಮಂಡಳಿಯ ಬಾಯಿಗೆ ಬಂದಿವೆ. ಆಧುನಿಕ ಸಂಗೀತದಲ್ಲಿ ಮುನ್ನೂರು ವರ್ಷದ ದಾರಿ ಹಿಡಿದವುಗಳಲ್ಲಿ ಇವನ್ನು ನಾವು ಮೊದಲು ಹೆಸರಿಸುತ್ತೇವೆ. ಬೇಂದ್ರೆಯವರ (1896–1981) ಪದಗಳು ಉಳಿದಾವು, ಲಾವಣಿಯ ಮತ್ತು ಬೀಸುವ ಪದದ ಹಾಸನ್ನೇ ಅವರು ಎತ್ತಿಕೊಂಡವರು. ಸಿನಿಮಾ ಹಾಡುಗಳಲ್ಲಿ ಬಹುಪಾಲು ಉದುರಿಹೋದಾವು. ತಾಯಂದಿರು ವಾದ್ಯವಿಲ್ಲದೆ ಕೂಸಿಗೆ ಹಾಡುತ್ತಿರುವ ನಾಲ್ಕಾರು, ಮದುವೆಯ ಮನೆ ಸೇರಿದ ನಾಲ್ಕಾರು, ಬರೆದವರ ಹೆಸರು ಕಳೆದುಕೊಂಡು ಉಳಿದಾವು.

ರಸಿಕರು ಕಿವಿ ಮುಚ್ಚಿಕೊಳ್ಳುವ ಇನ್ನೊಂದು ಹಾಡುಂಟು. ಕಬ್ಬಿನ ಹಂಗಾಮು ಬಂದರೆ ತುಬಚಿಯಂಥ ಕೃಷ್ಣೆಯ ದಂಡೆಯ ಹಳ್ಳಿಗಳಲ್ಲಿ ರಾತ್ರಿಯೆಲ್ಲ ಟ್ರಾಕ್ಟರು ಓಡುತ್ತವೆ, ಸ್ಪೀಕರು ಕೂಗುತ್ತವೆ. ಆ ಹಾಡು ಕಟ್ಟುವವರು ನಮ್ಮದೇ ಊರುಗಳ ಹುಡುಗರು. ಡ್ರೈವರನ ನಿದ್ದೆಗೇಡು, ಕಾರ್ಖಾನೆಯ ಮುಂದಿನ ಸಾಲು, ಸಾಲದ ಕಂತು, ಕೈ ತಪ್ಪಿದ ಹುಡುಗಿ, ಎಲ್ಲವೂ ಅದರಲ್ಲಿವೆ. ಧಾಟಿ ಹಲವು ಸಲ ಹಳೆಯ ಲಾವಣಿಯದು, ಡೊಳ್ಳಿನ ಪದದ್ದು. ಅದರಲ್ಲಿ ಹೊಲಸೂ ಇದೆ, ಹೆಣ್ಣನ್ನು ಹೀಯಾಳಿಸುವ ಮಾತೂ ಇದೆ. ಅದನ್ನು ನಾವು ಖಂಡಿಸುತ್ತೇವೆ. ಆದರೆ ಈ ಕಾಲದ ದುಡಿಮೆಯನ್ನು ಈ ಕಾಲದ ಮಾತಿನಲ್ಲಿ ಹಾಡುತ್ತಿರುವವರು ಇವರಲ್ಲದೆ ಮತ್ತಾರು? ಕಟ್ಟುವವನಿಗೆ ಸಿಗುವುದು ಪುಡಿಗಾಸು, ಲಾಭ ಧ್ವನಿಮುದ್ರಣದ ಧಣಿಗೆ. ಹಾಡು ಬರೆದವನೂ ಧಾಟಿ ಹಾಕಿದವನೂ ತಮ್ಮ ರಾಯಧನದ ಪಾಲನ್ನು ವಾರಸುದಾರರಿಗೆ, ಕಾಪಿರೈಟ್ ಸಂಘಕ್ಕೆ ಅಲ್ಲದೆ ಬೇರೆ ಯಾರಿಗೂ ಬರೆದುಕೊಡಲು ಬರುವುದಿಲ್ಲವೆಂದು 2012ರ ಕಾಪಿರೈಟ್ ತಿದ್ದುಪಡಿ ಹೇಳುತ್ತದೆ. ಈ ಹುಡುಗರಲ್ಲಿ ಅದನ್ನು ಬಲ್ಲವರು ಎಷ್ಟು? ತಿಳಿಸುವ ಹೊಣೆ ನಮ್ಮ ಸಂಘಗಳದು.

ಕೊರಳಿಗೆ ಬಿಡುವು ಬೇಕು

ಹಾಡು ತಾನಾಗಿ ಸಾಯುವುದಿಲ್ಲ. ಬೀಸುವ ಕಲ್ಲಿನ ಜಾಗಕ್ಕೆ ಹಿಟ್ಟಿನ ಗಿರಣಿ ಬಂತು. ನಮ್ಮ ತಾಯಂದಿರ ರಟ್ಟೆಗೆ ಬಿಡುಗಡೆಯಾಯಿತು, ಅದಕ್ಕಾಗಿ ನಾವು ಅಳುವವರಲ್ಲ. ಕಲ್ಲಿಗೆ ಮರಳಿರೆಂದು ಹೇಳುವವನು ಒಂದು ದಿನವೂ ಬೀಸಿದವನಲ್ಲ. ಆದರೆ ಕಲ್ಲು ಉಳಿಸಿದ ಆ ಹೊತ್ತು ಆಕೆಯ ಕೈಗೆ ಬಂತೇ? ಬರಲಿಲ್ಲ. ಅದು ಕೂಲಿಗೆ ಹೋಯಿತು. ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗಗಳ ಮುಂದೆ ಹನ್ನೆರಡು ತಾಸು ನಿಂತವನಿಗೆ ಆ ಸದ್ದಿನಲ್ಲಿ ತನ್ನ ದನಿಯೇ ಕೇಳದು, ಮನೆಗೆ ಬಂದರೆ ಹಾಡಲು ಉಸಿರಿಲ್ಲ. ಮೊಬೈಲು ಒತ್ತಿ ಮಲಗುತ್ತಾನೆ. ಇದು ಅವನ ಅಭಿರುಚಿಯ ಕೇಡಲ್ಲ, ಮಜೂರಿಯ ಕೇಡು. ಎಂಟು ತಾಸಿನ ದುಡಿಮೆ, ಹೊಟ್ಟೆ ತುಂಬುವ ಮಜೂರಿ ಎಂಬ ನಮ್ಮ ಬೇಡಿಕೆ ಸಂಗೀತದ ಬೇಡಿಕೆಯೂ ಹೌದು.

ಜಾತ್ರೆಯ ಪಟ್ಟಿಯ ಮಾತಿಗೆ ಬರೋಣ. ಬೀಳಗಿಯ ಸನಾದಿ ಅಪ್ಪಣ್ಣನ ಹೆಸರಿನಲ್ಲಿ 1977ರಲ್ಲಿ ಚಿತ್ರ ಬಂತು. ರಾಜಕುಮಾರರು ನಟಿಸಿದರು, ಬಿಸ್ಮಿಲ್ಲಾ ಖಾನರು ನುಡಿಸಿದರು, ನಾಡೆಲ್ಲ ಕಣ್ಣೀರಿಟ್ಟಿತು. ಅದೇ ಸನಾದಿ ಊದುವ ಮನೆತನಗಳನ್ನು ಇಂದು ಎಷ್ಟು ಮದುವೆಗೆ ಕರೆಯುತ್ತಾರೆ? ಹಲಗೆಯವನು, ಡೊಳ್ಳಿನವನು, ಪಾರಿಜಾತದ ಮೇಳದವನು ಮೂಲೆಯಲ್ಲಿ ಕೂತಿರುತ್ತಾನೆ. ಎದೆ ನಡುಗಿಸುವ ಡಿಜೆ ಪೆಟ್ಟಿಗೆಗೆ ಒಂದು ರಾತ್ರಿಯಲ್ಲಿ ಸುರಿದ ಹಣ ಒಂದು ಮೇಳದ ವರ್ಷದ ಅನ್ನ.

ಆದ್ದರಿಂದ ನಮ್ಮ ಒತ್ತಾಯ ಇವು. ಜಾತ್ರೆಯ ಪಟ್ಟಿಯಲ್ಲಿ ವಾದ್ಯ-ಗಾಯನಕ್ಕೆ ತೆಗೆದಿಟ್ಟ ಹಣದ ಅರ್ಧವಾದರೂ ಊರಿನ ಮತ್ತು ನೆರೆಯೂರಿನ ಮೇಳಗಳಿಗೆ ಹೋಗಬೇಕು. ಪ್ರತಿ ಪ್ರಾಥಮಿಕ ಶಾಲೆಯಲ್ಲಿ ವಾರಕ್ಕೊಂದು ತಾಸು ಊರಿನ ಹಿರಿಯ ಹಾಡುಗಾರ್ತಿ ಬಂದು ಮಕ್ಕಳಿಗೆ ಕಲಿಸಬೇಕು, ಆಕೆಗೆ ಪಂಚಾಯತಿ ಗೌರವಧನ ಕೊಡಬೇಕು. ಮುದುಕಿಯರ ಪದಗಳನ್ನು ಮುದ್ರಿಸಿ ಊರ ಗ್ರಂಥಾಲಯದಲ್ಲಿ ಎಲ್ಲರಿಗೂ ಪುಕ್ಕಟೆ ಇಡಬೇಕು, ಯಾವ ಕಂಪನಿಗೂ ಅದರ ಬೀಗ ಕೊಡಬಾರದು. ಮುದ್ರಿಸಿಟ್ಟರೆ ಸಾಲದು, ಕಲಿಯುವ ಕೊರಳೂ ಬೇಕು ಎಂಬುದನ್ನು ಮಾತ್ರ ಮರೆಯಬಾರದು.

ಮುನ್ನೂರು ವರ್ಷದ ಮೇಲೆ ನಾವಾರೂ ಇರುವುದಿಲ್ಲ. ಇಂದಿನ ಕಂಪನಿಗಳ ಹೆಸರೂ ಇರಲಾರದು. ಈ ನೆಲದಲ್ಲಿ ದುಡಿಯುವವರು ಇದ್ದೇ ಇರುತ್ತಾರೆ. ಅವರ ಬಾಯಲ್ಲಿ ಯಾವ ಹಾಡು ಇರಬೇಕೆಂದು ಗೊತ್ತುಮಾಡುವವರು ಪಟ್ಟಿ ಕೊಡುವ ನೀವು. ಬರುವ ಜಾತ್ರೆಯ ಪಂಚರ ಸಭೆಗೆ ತಪ್ಪದೆ ಹೋಗಿರಿ. ಹಣದ ಲೆಕ್ಕ ಕೇಳಿರಿ, ಹಾಡಿನ ಲೆಕ್ಕವನ್ನೂ ಕೇಳಿರಿ.